ಮರಗಸಿಯವನಿಗೆ ಹಾಕಿದ ಐದು ಷರತ್ತು

ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಸೈಕ್ಲೋಸ್ಟೈಲ್ ಮಾಡಿಸಿದ ಹಾಳೆಗಳ ಒಂದು ಕಟ್ಟು ಇರುತ್ತಿತ್ತು. ನ್ಯಾಯಾಲಯ ಒಬ್ಬ ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು ನನ್ನ ಉಸ್ತುವಾರಿಯಲ್ಲಿ ಬಿಟ್ಟಾಗ ಅವನು ಪಾಲಿಸಬೇಕಾದ ಷರತ್ತುಗಳು ಆ ಹಾಳೆಯಲ್ಲಿದ್ದವು. ಒಂದು, ವಿಳಾಸ ಬದಲಿಸಬಾರದು. ಎರಡು, ಪ್ರತಿ ತಿಂಗಳ ಮೊದಲ ಸೋಮವಾರ ಚಿಕ್ಕಮಗಳೂರಿನ ಕಚೇರಿಗೆ ಬಂದು ಸಹಿ ಹಾಕಬೇಕು. ಮೂರು, ಕುಡಿಯಬಾರದು. ನಾಲ್ಕು, ದೂರುದಾರನ ಜೊತೆ ಮಾತುಕತೆ ಇಟ್ಟುಕೊಳ್ಳಬಾರದು. ಐದನೆಯದಕ್ಕೆ ಮಾತ್ರ ಜಾಗ ಖಾಲಿ ಬಿಟ್ಟಿತ್ತು. ಆ ಹಾಳೆಗಳನ್ನು ಮಾಡಿಸಿದವಳು ನಾನೇ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಪ್ರೊಬೇಷನ್ ಅಧಿಕಾರಿ ಅಂದರೆ ಏನು ಅಂತ ಪೊಲೀಸರಿಗೇ ಸರಿಯಾಗಿ ಗೊತ್ತಿರದಿದ್ದ ಕಾಲ. ಕಳಸದ ಆಚೆಯಿಂದ ಕಡೂರಿನವರೆಗೆ ನಾನೊಬ್ಬಳೇ. ಜೀಪಿಲ್ಲ, ಗುಮಾಸ್ತನಿಲ್ಲ. ಆದ್ದರಿಂದ ಊರಿಗೆಲ್ಲ ಒಂದೇ ಮದ್ದು ಅರೆದಿಟ್ಟುಕೊಂಡಿದ್ದೆ.

ಆ ಫೆಬ್ರುವರಿಯಲ್ಲಿ ಮೂಡಿಗೆರೆ ನ್ಯಾಯಾಲಯದಿಂದ ಒಂದು ಪತ್ರ ಬಂತು. ಜಾವಳಿ ಕಡೆಯ ಒಂದು ಕಾಫಿ ತೋಟದ ಆಳು, ಮೂವತ್ತರ ಆಸುಪಾಸಿನವನು, ತನ್ನ ಮೇಸ್ತ್ರಿಯ ಹೆಗಲಿಗೆ ಕತ್ತಿಯಿಂದ ಹೊಡೆದಿದ್ದ. ಎಂಟು ಹೊಲಿಗೆ. ತಪ್ಪು ಮಾಡಿದ್ದು ಹೌದು ಎಂದು ಒಪ್ಪಿಕೊಂಡಿದ್ದ. ಹಿಂದೆ ಯಾವ ಕೇಸೂ ಇರಲಿಲ್ಲ. ಜೈಲಿಗೆ ಕಳಿಸುವುದೋ, ಮುಚ್ಚಳಿಕೆಯ ಮೇಲೆ ಬಿಡುವುದೋ, ನನ್ನ ವರದಿ ನೋಡಿ ನ್ಯಾಯಾಧೀಶರು ತೀರ್ಮಾನಿಸುವವರಿದ್ದರು.

ಒಂದು ಮಧ್ಯಾಹ್ನ ಹೋಗಿ ಬಂದೆ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಕೂಲಿ ಲೈನಿನಲ್ಲಿ ಒಂದು ಕೋಣೆ. ತೋಟದ ಹಾಜರಿ, ಉಗ್ರಾಣ ನೋಡಿಕೊಳ್ಳುವ ರೈಟರು ವಯಸ್ಸಾದವರು, "ಒಳ್ಳೆ ಹುಡುಗ, ಕೋಪ ಮಾತ್ರ ಮೂಗಿನ ತುದೀಲಿ. ನಾನೇ ಜಾಮೀನು ನಿಲ್ತೀನಿ" ಎಂದರು. ಅಷ್ಟು ಸಾಕಾಯಿತು ನನಗೆ. ಬಿಡಬಹುದು ಎಂದು ವರದಿ ಬರೆದೆ. ಐದನೆಯ ಖಾಲಿ ಜಾಗದಲ್ಲಿ ನೀಟಾದ ಅಕ್ಷರದಲ್ಲಿ ತುಂಬಿದೆ: 'ಕತ್ತಿ ಅಥವಾ ಯಾವುದೇ ಹರಿತವಾದ ಆಯುಧವನ್ನು ಮುಟ್ಟಕೂಡದು.' ನ್ಯಾಯಾಧೀಶರು ಐದನ್ನೂ ಹಾಗೆಯೇ ಆದೇಶಕ್ಕೆ ಇಳಿಸಿದರು. ಎರಡು ವರ್ಷದ ಅವಧಿ.

ನಾನು ಕಡೂರು ಸೀಮೆಯವಳು. ನಮ್ಮ ಕಡೆ ಒಬ್ಬ ಹಗಲುಹೊತ್ತಿನಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಮಲೆನಾಡಿನಲ್ಲಿ ಅದು ಚಪ್ಪಲಿಯ ಹಾಗೆ. ಬೆನ್ನ ಹಿಂದೆ ಸೊಂಟದಲ್ಲಿ ಒಂದು ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ, ಹಾಗೇ ಬಸ್ಸು ಹತ್ತುತ್ತಾರೆ. ನೋಡಿದ್ದೆ, ಆದರೆ ನೋಡಿದ್ದನ್ನೆಲ್ಲ ಯೋಚಿಸುತ್ತೇವೆಯೇ? ಅವನ ಕೆಲಸ ಏನೆಂಬುದನ್ನು ನನ್ನ ವರದಿಯಲ್ಲಿ 'ಕೂಲಿ' ಎಂಬ ಎರಡೇ ಅಕ್ಷರದಲ್ಲಿ ಮುಗಿಸಿದ್ದೆ. ಅವನು ಬರೀ ಕೂಲಿಯಲ್ಲ, ಮರಗಸಿಯವನು. ಕಾಫಿ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ನೆರಳಿನ ಮರಗಳನ್ನು ಹತ್ತಿ ಕೊಂಬೆ ಸವರಿ ಗಿಡಗಳಿಗೆ ಬೆಳಕು ಬಿಡುವ ಕೆಲಸ. ಆ ಸುತ್ತಿನ ತೋಟಗಳಲ್ಲಿ ಅವನಷ್ಟು ಎತ್ತರ ಹತ್ತುವವರು ಇರಲಿಲ್ಲವಂತೆ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ, ನಾನು ಕೈ ಕಡಿದು ಬದುಕು ಎಂದಿದ್ದೆ.

ಮಾರ್ಚಿನಲ್ಲಿ ಸಹಿ ಹಾಕಲು ಬಂದ. ಎರಡು ಬಸ್ಸು ಬದಲಿಸಿ, ಇಡೀ ಒಂದು ದಿನ ಕಳೆದುಕೊಂಡು. ಸೊಂಟದಲ್ಲಿ ಕೊಕ್ಕೆ ಇತ್ತು, ಖಾಲಿ.

"ಅದ್ಯಾಕೆ ಕಟ್ಕೊಂಡು ಬಂದಿದ್ದೀಯ?" ಎಂದೆ, ಸಿಡುಕಿನಿಂದಲೇ.

"ಅಭ್ಯಾಸ ಮೇಡಮ್. ಅದಿಲ್ದೆ ನಡೆದ್ರೆ ಮೈ ಒಂದು ಕಡೆ ವಾಲುತ್ತೆ."

ನಾನು ನಗಲಿಲ್ಲ. ಈಗ ಏನು ಕೆಲಸ ಕೊಟ್ಟಿದ್ದಾರೆ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿ, "ಹೆಂಗಸರ ಗುಂಪಿನಲ್ಲಿ ಕಳೆ ಕೀಳೋದು" ಎಂದ. ಮೇಸ್ತ್ರಿಯ ಜೊತೆ ಮಾತು ಕೂಡದು ಎಂಬ ನಾಲ್ಕನೆಯ ಷರತ್ತಿಗಾಗಿ ರೈಟರು ಅವನನ್ನು ಬೇರೆ ಗುಂಪಿಗೆ ಹಾಕಿದ್ದರು. ಏಪ್ರಿಲ್‌ನಲ್ಲಿ ಬಂದಾಗ ಬಾಯಿಂದ ಹುಳಿ ವಾಸನೆ ಹೊಡೆಯುತ್ತಿತ್ತು. ಬೈದು ಕಳಿಸಿದೆ. ಮೇ ತಿಂಗಳ ಸೋಮವಾರ ಬರಲೇ ಇಲ್ಲ.

ಅದರ ಬದಲು ಬಂದದ್ದು ನ್ಯಾಯಾಲಯದ ನೋಟೀಸು. ಅವನ ಕೈಯಲ್ಲಿ ಕತ್ತಿ ನೋಡಿದ್ದಾಗಿ, ತನ್ನ ಜೀವಕ್ಕೆ ಭಯವಿರುವುದಾಗಿ ಮೇಸ್ತ್ರಿ ಠಾಣೆಗೆ ಅರ್ಜಿ ಕೊಟ್ಟಿದ್ದ. ಷರತ್ತು ಮುರಿದದ್ದು ನಿಜವೇ ಎಂದು ಒಂದು ವಾರದೊಳಗೆ ನಾನು ವರದಿ ಸಲ್ಲಿಸಬೇಕು. ನಿಜ ಎಂದು ಬರೆದರೆ ಅವನು ಜೈಲಿಗೆ. ಅವನು ಜೈಲಿಗೆ ಹೋದರೆ ಲೈನಿನ ಕೋಣೆ ಇನ್ನೊಬ್ಬ ಆಳಿಗೆ. ಹೆಂಡತಿ ಮಕ್ಕಳು ಬೀದಿಗೆ.

ಮರುದಿನ ಬೆಳಿಗ್ಗೆಯೇ ಹೊರಟೆ. ತೋಟದ ಗೇಟಿನಿಂದ ಲೈನಿನವರೆಗೆ ನಡೆಯುವಾಗ ಮೇಲಿಂದ ಕಡಿಯುವ ಸದ್ದು, ಕೊಂಬೆ ಬೀಳುವ ಸದ್ದು. ಮರಗಸಿ ಅರ್ಧವೂ ಮುಗಿದಿಲ್ಲ, ಮಳೆ ತಲೆಯ ಮೇಲೆ ಬಂದಿದೆ ಎಂದು ಎದುರಾದ ರೈಟರು ಗೊಣಗಿದರು.

ಲೈನಿನ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ಮುಂದೆ ಐದಾರು ಕತ್ತಿ ಸಾಲಾಗಿ. ಒಂದು ಅವನ ಕೈಯಲ್ಲಿತ್ತು. ನನ್ನನ್ನು ನೋಡಿದ್ದೇ ಕೈಬಿಟ್ಟ.

ಬೇರೆಯವರ ಕತ್ತಿ ಮಸೆದು ಕೊಡುತ್ತಿದ್ದ. ಅವನು ಮಸೆದ ಅಂಚು ಎರಡು ದಿನ ಬಾಳುತ್ತದೆ ಅಂತ ಮರಗಸಿಯವರೆಲ್ಲ ಬೆಳಿಗ್ಗೆ ಅವನ ಮುಂದೆ ತಂದಿಟ್ಟು ಹೋಗುತ್ತಿದ್ದರು. ಮೇಸ್ತ್ರಿ ನೋಡಿದ್ದು ಇದನ್ನೇ. ಷರತ್ತಿನ ಪ್ರಕಾರ ಮುಟ್ಟಿದ್ದು ಮುಟ್ಟಿದ್ದೇ.

"ಸೋಮವಾರ ಯಾಕೆ ಬರಲಿಲ್ಲ?"

ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೊದಲ ಸಲ ಬಂದಾಗ ಅವಳು ಬಾಯಿಯೇ ಬಿಟ್ಟಿರಲಿಲ್ಲ; ನಾನೂ ಕೇಳಿರಲಿಲ್ಲ.

"ಹೆಂಗೆ ಬರ್ತಾರೆ ಮೇಡಮ್? ಭಾನುವಾರವೇ ಕುಡ್ದು ಬಿದ್ದಿದ್ರು. ಮೊದ್ಲು ಕುಡೀತಿರ್ಲಿಲ್ಲ ಅಂತ ಹೇಳಲ್ಲ, ಆದ್ರೆ ಮರ ಹತ್ತೋ ತಿಂಗ್ಳಲ್ಲಿ ಒಂದು ತೊಟ್ಟು ಮುಟ್ತಿರ್ಲಿಲ್ಲ. ಕುಡ್ದು ಹತ್ತಿದ್ರೆ ಹೆಣ ಕೆಳಗೆ ಬೀಳೋದು ಅಂತ ಗೊತ್ತಿತ್ತಲ್ಲ. ಈಗ ಎಂತಕ್ಕೆ ಬಿಡ್ಬೇಕು, ಹೇಳಿ?" ಬಾಗಿಲು ಬಿಟ್ಟು ಮುಂದೆ ಬಂದು, "ಆವತ್ತು ಏಣಿ ತೆಗ್ದಿದ್ದು ಯಾರು ಅಂತ ಒಬ್ರೂ ಕೇಳ್ಲಿಲ್ಲ" ಎಂದಳು.

ಏಣಿ! ಪೊಲೀಸ್ ಕಾಗದದಲ್ಲಿ ಏಣಿಯೇ ಇರಲಿಲ್ಲ. ನನ್ನ ವರದಿಯಲ್ಲೂ ಇರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಪೂರ್ತಿ ಕೇಳಿದೆ. ಮರಗಸಿಗೆ ಒಂಟಿ ಬಿದಿರಿನ ಉದ್ದನೆಯ ಏಣಿ. ಮೊದಲ ಕವಲಿನವರೆಗೆ ಅದರಲ್ಲಿ ಹತ್ತಿ, ಅಲ್ಲಿಂದಾಚೆ ಕೈಕಾಲು. ಹಿಂದಿನ ವರ್ಷ ಇವನು ಮೇಲಿರುವಾಗಲೇ ಮೇಸ್ತ್ರಿ ಏಣಿಯನ್ನು ಇನ್ನೊಂದು ಮರಕ್ಕೆ ಒಯ್ದಿದ್ದ. ಮರದಲ್ಲಿ ಚಗಳಿ ಇರುವೆಯ ಗೂಡು. ಕೂಗಿದರೆ "ಅಲ್ಲೇ ಕೂತಿರು ಮಾರಾಯ" ಎಂಬ ಉತ್ತರ. ಮೈಯೆಲ್ಲ ಕಚ್ಚಿಸಿಕೊಂಡು ಒಂದು ಗಂಟೆ ಕೂತು, ಕೊನೆಗೆ ಕಾಂಡ ತಬ್ಬಿ ಜಾರಿ ಎದೆಯ ಚರ್ಮ ಸುಲಿಸಿಕೊಂಡು ಇಳಿದವನು ಎದುರಿಗೆ ಕಂಡ ಮೇಸ್ತ್ರಿಯ ಹೆಗಲಿಗೆ ಹೊಡೆದಿದ್ದ.

ಹೊಡೆದದ್ದು ಸರಿ ಎನ್ನುವುದಿಲ್ಲ. ಆದರೆ ಇವನ ಕೋಪಕ್ಕೆ ಮೂಲ ಕತ್ತಿಯಲ್ಲ ಎಂಬುದು ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತೇ? ನಾಚಿಕೆಯಿಂದ ಮುಖ ಬಿಸಿಯಾಯಿತು.

ಮೇಸ್ತ್ರಿಯನ್ನೂ ಕಂಡೆ. ಕೆಟ್ಟವನೆಂದುಕೊಂಡು ಹೋಗಿದ್ದೆ, ಐವತ್ತು ದಾಟಿದ, ಅಂಜಿದ ಮನುಷ್ಯ ಸಿಕ್ಕ. "ಇದ್ದಿದ್ದೇ ಎರಡು ಏಣಿ ಮೇಡಮ್. ಸಾಹುಕಾರ್ರು ಬೇಗ ಬೇಗ ಅಂತ ಬೆನ್ನ ಹಿಂದೆ. ತೆಗ್ದೆ, ಮರ್ತೆ. ತಪ್ಪು ನಂದೂ ಇದೆ. ಆದ್ರೆ ಈಗ ಮೇಲಿಂದ ಕತ್ತಿ ಸದ್ದು ಕೇಳಿದ್ರೆ ಈ ಹೆಗಲು ತಾನಾಗೇ ಎದ್ದು ಬಿಡುತ್ತೆ. ನಾ ಸುಳ್ಳು ದೂರು ಕೊಟ್ಟಿಲ್ಲ. ನಂಗೆ ನಿಜವಾಗೂ ಹೆದ್ರಿಕೆ." ಅಂಗಿ ಸರಿಸಿ ಗಾಯದ ಗುರುತು ತೋರಿಸಿದ. ಅವನನ್ನು ಹೇಗೆ ದೂರಲಿ?

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ವರದಿಯಲ್ಲಿ 'ಷರತ್ತು ಮುರಿದಿದ್ದಾನೆ' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. 'ಇಲ್ಲ' ಎಂದರೆ ಸುಳ್ಳು. ಮೂರನೆಯ ದಾರಿಯೊಂದಿತ್ತು. ಷರತ್ತು ಬದಲಿಸಿ ಎಂದು ಅಧಿಕಾರಿಯೇ ನ್ಯಾಯಾಲಯವನ್ನು ಕೋರಬಹುದು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ, ನಾನು ಒಮ್ಮೆಯೂ ಬಳಸಿರಲಿಲ್ಲ. ಬಳಸಬೇಕಾದರೆ ಮೊದಲ ವರದಿ ತಪ್ಪೆಂದು ತೆರೆದ ನ್ಯಾಯಾಲಯದಲ್ಲಿ ಒಪ್ಪಬೇಕು. ಆಮೇಲೆ ಆ ಕತ್ತಿ ಯಾರ ಮೈಗಾದರೂ ತಾಗಿದರೆ ನನ್ನ ಹೆಸರೂ ಅದರ ಜೊತೆಗೇ ಬರುತ್ತದೆ. ಎರಡು ದಿನ ಮೀನಮೇಷ ಎಣಿಸಿ ಅರ್ಜಿ ಬರೆದೆ.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಮೂರು ತಿಂಗಳ ಹಿಂದೆ ಅವನ ಕೈಗೆ ಕತ್ತಿ ಬೇಡ ಅಂದವರು ನೀವೇ. ಈಗ ಕೊಡಿ ಅಂತಿರೋರೂ ನೀವೇ."

"ಹೌದು ಸಾರ್. ಅವನ ಕೆಲಸ ಏನು ಅಂತ ವಿಚಾರಿಸದೆ ಬರೆದಿದ್ದೆ. ತಪ್ಪು ನನ್ನದು."

"ನಾಳೆ ಇನ್ನೊಬ್ಬರ ಹೆಗಲು ಹೋದರೆ?"

ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ. "ಕತ್ತಿ ಅವನ ಮನೆಯಲ್ಲಿ ಇರಲ್ಲ ಸಾರ್. ಬೆಳಿಗ್ಗೆ ರೈಟರ ಕೈಯಿಂದ ತಗೋತಾನೆ, ಸಂಜೆ ಐದಕ್ಕೆ ಅವರ ಕೈಗೇ ಕೊಡ್ತಾನೆ. ಮರ ತೋರಿಸೋದು ರೈಟರು, ಮೇಸ್ತ್ರಿಯಲ್ಲ. ಅವನು ಇಳಿಯೋವರೆಗೆ ಏಣಿ ಯಾರೂ ಮುಟ್ಟಲ್ಲ. ಅವನು ಇಲ್ಲಿಗೆ ಬಂದು ಸಹಿ ಹಾಕೋ ಬದಲು ವಾರಕ್ಕೊಮ್ಮೆ ನಾನೇ ಹೋಗಿ ನೋಡ್ತೀನಿ."

"ಏಣಿಗೆ ನಾನು ಆದೇಶ ಹಾಕೋಕಾಗಲ್ಲ" ಎಂದರು. ಒಂದು ಕ್ಷಣ ನಗುತ್ತಾರೆಂದು ಕಂಡಿತು, ನಗಲಿಲ್ಲ. ಎರಡನೆಯ ಮತ್ತು ಐದನೆಯ ಷರತ್ತುಗಳನ್ನು ಮರಗಸಿ ಮುಗಿಯುವವರೆಗೆ ಬದಲಿಸಿದರು. ಏಣಿಯ ಮಾತನ್ನು ರೈಟರೇ ಬಾಯಿಮಾತಿನಲ್ಲಿ ಒಪ್ಪಿಕೊಂಡರು.

ಹೊರಗೆ ಜಗುಲಿಯಲ್ಲಿ ಅವನನ್ನು ನಿಲ್ಲಿಸಿಕೊಂಡು ಬೆರಳೆತ್ತಿ ಹೇಳಿದೆ: "ನೋಡು, ಇದು ಕೊನೆ. ಇನ್ನು ಈ ಕಾಗದದಲ್ಲಿರೋ ಒಂದಕ್ಷರ ತಪ್ಪಿದರೂ ನೇರ ಜೈಲು. ನಾನೂ ಉಳಿಸಲ್ಲ."

"ಒಂದಕ್ಷರಾನೂ ತಪ್ಪಲ್ಲ ಮೇಡಮ್" ಎಂದ. ಆ ಮಾತನ್ನು ಅವನು ಎಷ್ಟು ಅಕ್ಷರಶಃ ತೆಗೆದುಕೊಂಡನೆಂದು ಆಗ ನನಗೆ ಹೊಳೆಯಲಿಲ್ಲ.

ಆಮೇಲಿನ ವಾರಗಳಲ್ಲಿ ನನಗೆ ನಿದ್ದೆ ಅಷ್ಟಕ್ಕಷ್ಟೆ. ಕಚೇರಿಯಲ್ಲಿ ಫೋನ್ ಹೊಡೆದುಕೊಂಡರೆ ತೋಟದಿಂದಲೇ ಇರಬೇಕು ಎನಿಸುತ್ತಿತ್ತು. ಪ್ರತಿ ಗುರುವಾರ ಹೇಳದೆ ಕೇಳದೆ ತೋಟಕ್ಕೆ ಹೋಗುತ್ತಿದ್ದೆ. ಉಗ್ರಾಣದ ಗೋಡೆಯಲ್ಲಿ ಮೊಳೆಗಳ ಸಾಲು. ಕೊನೆಯ ಮೊಳೆ ಅವನದು. ಐದು ಗಂಟೆಗೆ ಕತ್ತಿ ಅಲ್ಲಿ ನೇತಾಡುತ್ತಿತ್ತು. ಬಾಯಿಯಲ್ಲಿ ವಾಸನೆ ಇರಲಿಲ್ಲ. ಹೆಂಡತಿ ಒಂದು ಸಲ ನನಗೆ ಕಾಫಿ ಕೊಟ್ಟಳು, ಬೆಲ್ಲದ್ದು. ಇದರ ನಡುವೆ ನನ್ನ ಹಳೆಯ ಕಡತಗಳನ್ನೂ ತಿರುವಿಹಾಕತೊಡಗಿದೆ. ಸಂಸೆಯ ಒಬ್ಬ ಜೀಪ್ ಚಾಲಕನಿಗೆ ತಾಲ್ಲೂಕು ಬಿಟ್ಟು ಹೋಗಬಾರದೆಂದು ಬರೆಸಿದ್ದೆ. ಅವನ ಅನ್ನವೇ ಕಾರ್ಕಳದ ಬಾಡಿಗೆಯಲ್ಲಿತ್ತು. ಇನ್ನೂ ಎಷ್ಟು ಜನರ ಮೂಗು ಕೊಯ್ದಿದ್ದೇನೋ ಎಂದು ಅಳು ಬಂತು.

ಜೂನ್ ಮೊದಲ ವಾರ. ನಾನು ಮೂಡಿಗೆರೆಯಲ್ಲಿ ಬಸ್ಸು ಹತ್ತುವಾಗಲೇ ಮೋಡ ಕವಿದಿತ್ತು. ತೋಟಕ್ಕೆ ಮುಟ್ಟಿದಾಗ ಐದೂಕಾಲು, ಜಿಟಿಜಿಟಿ ಶುರು. ಉಗ್ರಾಣಕ್ಕೆ ಹೋದರೆ ಎಲ್ಲ ಕತ್ತಿಯೂ ಬಂದಿದ್ದವು. ಕೊನೆಯ ಮೊಳೆ ಖಾಲಿ.

ರೈಟರು ಬಾಗಿಲಲ್ಲೇ ನಿಂತಿದ್ದರು. ಮುಖ ಬಿಳಿಚಿತ್ತು. "ಕೆಳಗಿನ ಹಳ್ಳದ ಹತ್ರ ದೊಡ್ಡ ಅತ್ತಿ ಮರಕ್ಕೆ ಕಳ್ಸಿದ್ದೆ. ಇನ್ನೂ ಬಂದಿಲ್ಲ."

"ಮೇಸ್ತ್ರಿ?"

"ಅವ್ರೂ ಬಂದಿಲ್ಲ ಮೇಡಮ್."

ಇಬ್ಬರೂ ಇಳಿಜಾರಿನಲ್ಲಿ ಓಡುನಡಿಗೆಯಲ್ಲಿ ಹೊರಟೆವು. ನನ್ನ ಚಪ್ಪಲಿ ಎರಡು ಸಲ ಜಾರಿತು. ಕಾಫಿ ಗಿಡಗಳ ಸಾಲು ದಾಟಿ ಹಳ್ಳದ ಬದಿಗೆ ಬಂದಾಗ ಮೊದಲು ಕಂಡದ್ದು ಏಣಿ. ನೆಲದ ಮೇಲೆ ಎರಡು ತುಂಡಾಗಿ ಬಿದ್ದಿತ್ತು. ಆಮೇಲೆ ಮೇಸ್ತ್ರಿ ಕಂಡ. ಮರದಿಂದ ಹತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಏಣಿಯನ್ನು ಹೆಗಲ ಮೇಲೆ, ಅದೇ ಹೆಗಲ ಮೇಲೆ, ಹೊತ್ತು ನಿಂತಿದ್ದ. ತಲೆಯೆತ್ತಿ ನೋಡಿದೆ. ಮೊದಲ ಕವಲಿಗಿಂತ ಮೇಲೆ ನಮ್ಮ ಮರಗಸಿಯವನು ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಮೇಸ್ತ್ರಿಯ ಕಡೆಗೆ ಕತ್ತಿ ಬೀಸುತ್ತಿದ್ದ. ಬಾಯಿಂದ ಒಂದು ಶಬ್ದವಿಲ್ಲ.

ಆಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಮೇಸ್ತ್ರಿ ನನ್ನನ್ನು ಕಂಡವನೇ ಕೂಗಿದ. "ನೋಡಿ ಮೇಡಮ್, ನೀವೇ ಕಣ್ಣಾರೆ ನೋಡಿ! ಕಡ್ದ ಕೊಂಬೆ ಬಡ್ದು ಏಣಿ ಮುರೀತು. ಸದ್ದು ಕೇಳಿ, ಪಾಪ ಅಂತ ಇನ್ನೊಂದು ಹೊತ್ಕೊಂಡು ಬಂದ್ರೆ ಕತ್ತಿ ಬೀಸ್ತಾನೆ. ಕತ್ತಿ ಕೆಳಗೆ ಹಾಕು ಅಂತ ಅರ್ಧ ಗಂಟೆಯಿಂದ ಬಡ್ಕೊಂಡೆ. ಬಾಯೇ ಬಿಡಲ್ಲ!"

"ಕತ್ತಿ ಹಾಕೋ ಕೆಳಗೆ!" ನಾನು ಕಿರುಚಿದೆ. ಮರದ ಬುಡದ ಕಡೆ ಹೆಜ್ಜೆಯಿಟ್ಟೆ.

"ಮೇಡಮ್, ಬರ್ಬೇಡಿ, ಹಿಂದೆ ಹೋಗಿ!" ಮೇಲಿಂದ ಅವನ ದನಿ ಒಡೆಯಿತು. ಅಂದರೆ ಅವನಿಗೆ ಮಾತು ಬರುತ್ತದೆ. "ಕೊಂಬೆ ಅರ್ಧ ಕಡ್ದಿದೆ, ಸಿಪ್ಪೇಲಿ ನೇತಾಡ್ತಿದೆ. ಏಣಿ ಇಡೋ ಜಾಗದ ನೆತ್ತಿ ಮೇಲೇ ಇದೆ. ಕತ್ತಿ ಕೆಳಗೆ ಹಾಕಿದ್ರೆ ಕೊಂಬೆ ತೆಗ್ಯೋದು ಹೆಂಗೆ? ಮೇಸ್ತ್ರಿಗೆ ಪಕ್ಕಕ್ಕೆ ಹೋಗೋಕೆ ಹೇಳಿ."

ಆಗ ಕಂಡಿತು ನನಗೆ. ಅವನ ತಲೆಯ ಪಕ್ಕದಲ್ಲಿ ಆಳಿನ ಗಾತ್ರದ ಕೊಂಬೆಯೊಂದು ಗಾಳಿಗೆ ತೂಗುತ್ತಿತ್ತು. ಅವನು ಬೀಸುತ್ತಿದ್ದದ್ದು ಬೆದರಿಸಲು ಅಲ್ಲ, ಪಕ್ಕಕ್ಕೆ ಸರಿ ಎನ್ನಲು.

"ಅದನ್ನ ಅವರಿಗೇ ಹೇಳೋಕೇನಾಗಿತ್ತು ನಿಂಗೆ?"

ಅವನು ಮೇಲಿಂದ ನನ್ನನ್ನು ನೋಡಿದ. ಮಳೆನೀರು ಮುಖದ ಮೇಲೆ ಇಳಿಯುತ್ತಿತ್ತು. "ಮಾತಾಡ್ಬಾರ್ದು ಅಂತ ನೀವೇ ಬರ್ಸಿದ್ದೀರಲ್ಲ ಮೇಡಮ್. ನಾಲ್ಕನೇದು. ಅದನ್ನ ಬದಲಿಸಿಲ್ಲ."

ಎರಡನೆಯದು, ಐದನೆಯದು ತಿದ್ದಿಸಿದ್ದೆ. ನಾಲ್ಕನೆಯದು ಕಣ್ಣಿಗೇ ಬಿದ್ದಿರಲಿಲ್ಲ. ಒಂದೇ ತೋಟದಲ್ಲಿ, ಒಬ್ಬ ಮರದ ಮೇಲೆ ಒಬ್ಬ ಕೆಳಗೆ ಕೆಲಸ ಮಾಡುವ ಇಬ್ಬರ ನಡುವಿನ ಮಾತನ್ನೇ ನಾನು ಕಾನೂನಿನಿಂದ ಕತ್ತರಿಸಿಟ್ಟಿದ್ದೆ. ಒಬ್ಬನ ಮೌನ ಇನ್ನೊಬ್ಬನಿಗೆ ಕೊಲೆಯ ಬೆದರಿಕೆಯಾಗಿ ಕಂಡಿತ್ತು. ಅವನಾದರೋ ಜೀವ ಹೋದರೂ ಒಂದಕ್ಷರ ತಪ್ಪಬಾರದೆಂದು ತುಟಿ ಬಿಗಿದು ಕೂತಿದ್ದ.

"ಮಾತಾಡು!" ಎಂದು ಕೂಗಿದೆ. "ನಾನೇ ಹೇಳ್ತಿದ್ದೀನಿ. ಅವರ ಹತ್ತಿರ ಮಾತಾಡು!"

"ಆಮೇಲೆ ಜೈಲು ಅಂದ್ರೆ?"

"ಹೋಗೋದಾದ್ರೆ ನಾನು ಹೋಗ್ತೀನಿ. ಮಾತಾಡೋ ಮಾರಾಯ!"

ಅವನು ಮೇಸ್ತ್ರಿಯ ಕಡೆ ತಿರುಗಿದ. ವರ್ಷಕ್ಕೂ ಮೀರಿ ಆ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಏನು ಹೇಳುತ್ತಾನೋ ಎಂದು ನಾನೂ ರೈಟರೂ ಉಸಿರು ಬಿಗಿಹಿಡಿದೆವು.

"ಮೇಸ್ತ್ರಿ, ಎಡಕ್ಕೆ ನಿಂತ್ಕೊಳ್ಳಿ. ಕೊಂಬೆ ಬಲಕ್ಕೆ ಬೀಳುತ್ತೆ."

ಮೇಸ್ತ್ರಿ ಅಲುಗಲಿಲ್ಲ. ಏಣಿ ಹೊತ್ತ ಹೆಗಲು ಕಿವಿಯವರೆಗೆ ಎದ್ದಿತ್ತು. ಅವನ ಕಣ್ಣು ಕತ್ತಿಯ ಮೇಲೆಯೇ ಇತ್ತು. ನಂಬುವುದೋ ಬೇಡವೋ ಎಂಬುದನ್ನು ಯಾವ ನ್ಯಾಯಾಲಯವೂ ಅವನ ಪರವಾಗಿ ತೀರ್ಮಾನಿಸುವಂತಿರಲಿಲ್ಲ. ಆಮೇಲೆ ನಿಧಾನಕ್ಕೆ, ಒಂದೊಂದೇ ಹೆಜ್ಜೆ, ಎಡಕ್ಕೆ ಸರಿದ. ಮೇಲೆ ಎರಡು ಏಟು ಬಿತ್ತು. ಕೊಂಬೆ ಮುರಿದು, ಕಾಫಿ ಗಿಡವೊಂದನ್ನು ಅಪ್ಪಚ್ಚಿ ಮಾಡಿ ನೆಲಕ್ಕೆ ಅಪ್ಪಳಿಸಿತು.

ಕತ್ತಿ ಕೊಕ್ಕೆ ಸೇರಿತು. ಮೇಸ್ತ್ರಿ ಏಣಿ ತಂದು ಒರಗಿಸಿ, ಬುಡವನ್ನು ಕಾಲಿನಿಂದ ಒತ್ತಿ ಹಿಡಿದ. ಇವನು ಇಳಿದು ಬಂದಾಗ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

"ಇವ್ನ ಮೇಲೆ ನಂಗೇನೂ ಪ್ರೀತಿ ಉಕ್ಕಿಲ್ಲ" ಎಂದ ಮೇಸ್ತ್ರಿ ನನಗೆ, ಯಾರೂ ಕೇಳದಿದ್ದರೂ. "ಬಿದ್ದಿದ್ರೆ ಕೇಸು ನನ್ನ ತಲೆಗೆ ಬರ್ತಿತ್ತು, ಅದಕ್ಕೆ." ಮರಗಸಿಯವನು ಆ ಉದ್ದನೆಯ ಏಣಿಯ ಒಂದು ತುದಿ ಎತ್ತಿಕೊಂಡ. ಇನ್ನೊಂದು ತುದಿ ಮೇಸ್ತ್ರಿಯ ಹೆಗಲ ಮೇಲಿತ್ತು. ಹಾಗೇ ಇಬ್ಬರೂ ದಾರಿ ಹಿಡಿದರು, ನಾವು ಹಿಂದೆ. ಕತ್ತಿ ಮೊಳೆಗೆ ಸೇರುವಾಗ ಆರೂ ಹತ್ತು.

ಆ ವಾರದ ವರದಿಯಲ್ಲಿ ಎಲ್ಲವನ್ನೂ ಬರೆದೆ. ಕತ್ತಿ ಹಿಂದಿರುಗಿಸಿದ್ದು ಒಂದು ಗಂಟೆ ಹತ್ತು ನಿಮಿಷ ತಡ. ಕಾರಣ ಇಂಥದು. 'ಷರತ್ತಿನ ಉಲ್ಲಂಘನೆ' ಎಂಬ ಅಂಕಣದಲ್ಲಿ, ನಾಲ್ಕನೆಯ ಷರತ್ತು ನನ್ನ ಸಮಕ್ಷಮದಲ್ಲಿ, ನನ್ನ ಮಾತಿನ ಮೇರೆಗೆ ಮುರಿಯಲ್ಪಟ್ಟಿದೆ, ಅದಕ್ಕೆ ಜವಾಬ್ದಾರಿ ಪ್ರೊಬೇಷನ್ ಅಧಿಕಾರಿಯದು ಎಂದು ಬರೆದು ಸಹಿ ಹಾಕಿದೆ. ಜೊತೆಗೆ ಆ ಷರತ್ತನ್ನು ತೆಗೆಯಬೇಕೆಂಬ ಅರ್ಜಿ. ಅರ್ಜಿಯ ಕೆಳಗೆ ಮೇಸ್ತ್ರಿಯೂ ತನ್ನ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ್ದ.

ನ್ಯಾಯಾಧೀಶರು ಓದಲು ಬಹಳ ಹೊತ್ತು ತೆಗೆದುಕೊಂಡರು. ನಾನು ಕಟಕಟೆಯ ಪಕ್ಕ ನಿಂತು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಪೆನ್ನು ತೆಗೆದು ನಾಲ್ಕನೆಯದರ ಮೇಲೆ ಗೀಟು ಎಳೆದರು, ಪಕ್ಕದಲ್ಲಿ ಸಹಿ ಮಾಡಿದರು. ತಲೆಯೆತ್ತದೆಯೇ ಕೇಳಿದರು:

"ಕೊಂಬೆ ಯಾವ ಕಡೆ ಬಿತ್ತು?"

"ಬಲಕ್ಕೇ, ಸಾರ್" ಎಂದೆ. "ಅವನು ಹೇಳಿದ ಹಾಗೇ."